ಪೂರ್ವದ ಬಾಗಿಲಿನ ಗೂಡು

ಮೊಟ್ಟೆಯಿಡುವ ದಿನ ಹತ್ತಿರವಾಗಿದ್ದ ರಾಟವಾಳ ಹಕ್ಕಿಯೊಂದು ದಲ್ಲಾಳಿ ಗಿಳಿಯ ಮಾತು ನಂಬಿ, ಕೂಡಿಟ್ಟ ನವಣೆಯನ್ನೆಲ್ಲ ಕೊಟ್ಟು, ಜಾಲಿಮರದಲ್ಲಿ ಗೀಜಗ ನೇಯ್ದಿದ್ದ ಗೂಡನ್ನು ನೋಡದೆಯೇ ಕೊಂಡಿತು. ಬಂದು ನೋಡಿದರೆ, ಪೂರ್ವಕ್ಕಿದೆ ಎಂದಿದ್ದ ಬಾಗಿಲು ನೆಟ್ಟಗೆ ನೆಲ ನೋಡುತ್ತಿತ್ತು.

ರಾಟವಾಳಕ್ಕೆ ಮೈಯೆಲ್ಲ ಉರಿಯಿತು. "ಏನ್ರೀ ಗೀಜಗರಾಯರೇ, ಇದು ಪೂರ್ವವೇ? ನನ್ನ ಮರಿಗಳಿಗೆ ಬೆಳಗಿನ ಬಿಸಿಲು ನೆಲದಿಂದ ಬರುತ್ತದೆಯೇ?"

"ನಮ್ಮ ವಂಶದಲ್ಲಿ ಬಾಗಿಲು ಕೆಳಕ್ಕೇ ಇಡುವುದು, ತಾಯಿ," ಎಂದಿತು ಗೀಜಗ. "ನಾನು ಬರೀ ನೇಯ್ದವನು. ಪೂರ್ವ ಎಂದು ಹೇಳಿದವರನ್ನು ಕೇಳಿ."

ಗಿಳಿ ನೊಂದುಕೊಂಡಿತು. "ಗಿಳಿ ಎಲ್ಲಾದರೂ ಸ್ವಂತ ಮಾತಾಡುತ್ತದೆಯೇ ಅಮ್ಮಾ? ಪೂರ್ವದ ಬಾಗಿಲೇ ಬೇಕು ಎಂದು ನೀವು ಮೂರು ಸಲ ಹೇಳಿದಿರಿ. ಪೂರ್ವದ ಬಾಗಿಲು ಎಂದು ನಾನೂ ಮೂರು ಸಲ ಹೇಳಿದೆ. ನಿಮ್ಮ ಮಾತೇ ಸುಳ್ಳಾದರೆ ನಾನೇನು ಮಾಡಲಿ?"

ತಪ್ಪು ತನ್ನ ತಲೆಗೇ ಬರುತ್ತಿರುವುದನ್ನು ಕಂಡು ರಾಟವಾಳದ ಸಿಟ್ಟು ಸರ್ರನೆ ಇಳಿಯಿತು. ಮೂವರೂ ಕೂತು ಚರ್ಚಿಸಿ, ಯಾರ ಮನಸ್ಸಿಗೂ ನೋವಾಗದ ತೀರ್ಮಾನಕ್ಕೆ ಬಂದರು: ಬಾಗಿಲಿದ್ದ ಕಡೆ ಹುಟ್ಟದ ಸೂರ್ಯನದೇ ತಪ್ಪು.

ಮರಿಗಳು ಹಾರಿಹೋದ ಮೇಲೆ ಗೂಡು ಮಾರಾಟಕ್ಕೆ ಬಂತು. ಕೊಳ್ಳಲು ಬಂದ ಇನ್ನೊಂದು ರಾಟವಾಳ, "ಬಾಗಿಲು ಪೂರ್ವಕ್ಕೇ ತಾನೆ?" ಎಂದು ಕೇಳಿತು.

"ಬಾಗಿಲೇನೋ ಪೂರ್ವಕ್ಕೇ ಇದೆ," ಎಂದಿತು ಮನೆಯೊಡತಿ, ಗಿಳಿಯ ಕಡೆ ನೋಡದೆ. "ಈ ಕಡೆಯ ಸೂರ್ಯನನ್ನು ಮಾತ್ರ ನಂಬಬೇಡಿ."