ಕರೆಂಟು ಬಂತು ಬ್ಯಾಂಡಿನ ರಿಸೆಪ್ಷನ್

ಶಿಷ್ಯ ಕೇಳಿದ: “ಗುರುಗಳೇ, ನಿನ್ನೆ ನನ್ನ ಮೊದಲ ಹರಿಕಥೆಯನ್ನು ಸಭೆಯೆಲ್ಲ ಮೆಚ್ಚಿತು. ಹೊರಗೆ ಹೋಗುವಾಗ ಒಬ್ಬೊಬ್ಬರೂ ನಿಂತು, ಬಹಳ ಚೆನ್ನಾಗಿತ್ತು ಎಂದು ಹೇಳಿಯೇ ಹೋದರು. ನೀವೊಬ್ಬರು ಮಾತ್ರ ಪೀಠಿಕೆ ಉದ್ದವಾಯಿತು, ತಾಳ ಓಡಿತು ಎಂದಿರಿ. ನಾನು ಯಾರ ಮಾತನ್ನು ನಂಬಲಿ?”

ಗುರುಗಳು ಕೈಯಲ್ಲಿದ್ದ ಚಿಟಿಕೆ ತಾಳವನ್ನು ಕೆಳಗಿಟ್ಟು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಾದಕನಿದ್ದ. ಅವನ ವಾದ್ಯಕ್ಕೆ ತಂತಿಯಿರಲಿಲ್ಲ, ಚರ್ಮವಿರಲಿಲ್ಲ, ಊದುವುದಕ್ಕೆ ತೂತೂ ಇರಲಿಲ್ಲ. ಇದ್ದದ್ದು ಗುಂಡಿಗಳು ಮತ್ತು ವೈರುಗಳು. ಪ್ಲಗ್ಗಿಗೆ ಸಿಕ್ಕಿಸಿದರೆ ನುಡಿಯುತ್ತಿತ್ತು, ತೆಗೆದರೆ ಸುಮ್ಮನಾಗುತ್ತಿತ್ತು. ಅಂಥದೇ ವಾದ್ಯಗಳಿದ್ದ ಇನ್ನಿಬ್ಬರನ್ನು ಸೇರಿಸಿಕೊಂಡು ಅವನು ಒಂದು ಬ್ಯಾಂಡ್ ಕಟ್ಟಿದ. ಅಭ್ಯಾಸದ ಅರ್ಧ ಹೊತ್ತು ಕರೆಂಟಿಗೆ ಕಾಯುವುದರಲ್ಲೇ ಹೋಗುತ್ತಿದ್ದುದರಿಂದ ಅದಕ್ಕೆ ‘ಕರೆಂಟು ಬಂತು’ ಎಂದೇ ಹೆಸರಾಯಿತು.

ಮೂವರೂ ವಾದಕನ ಮನೆಯ ಒಂದು ಕೋಣೆಯಲ್ಲಿ, ಮರುದನಿ ಬಾರದಂತೆ ಗೋಡೆಗಳಿಗೆ ಹಳೆಯ ಹಾಸಿಗೆಗಳನ್ನು ಹೊಡೆದು, ಬಾಗಿಲು ಮುಚ್ಚಿಕೊಂಡು, ಎಂಟು ಹಾಡುಗಳ ಒಂದು ಆಲ್ಬಮ್ ಮಾಡಿದರು. ಹಾಡು ಎಂದೆನೇ ಹೊರತು ಅವುಗಳಲ್ಲಿ ಮಾತಿರಲಿಲ್ಲ. ಬರೀ ಸದ್ದು. ವಾದಕನ ಮನೆಯವರು ಮಿಕ್ಸಿ ಕೆಟ್ಟಿತೇನೋ ಎಂದು ಅಡುಗೆಮನೆಗೆ ಎದ್ದು ಹೋಗಿ ನೋಡಿ ಬಂದದ್ದುಂಟು.

ಆ ಊರಿನ ಕಲ್ಯಾಣಮಂಟಪದ ಯಜಮಾನ ಈ ಮೂವರನ್ನೂ ಬಲ್ಲವನು. ಅವನು ಕರೆದು ಹೇಳಿದ: “ನನ್ನ ಮಂಟಪದಲ್ಲಿ ನಡೆಯೋ ಮದುವೆಗೆಲ್ಲ ನೀವೇ ಬಂದ್ಬಿಡಿ. ಸಿನಿಮಾ ಹಾಡು ಬಾರಿಸಿ. ನಿಮ್ಮ ಈ ಗುಂಯ್‌ಗುಂಯ್ ಒಂದು ನಿಲ್ಲಿಸಿ.”

ಜೊತೆಗಾರರಿಬ್ಬರಿಗೂ ಇದು ಹಿಡಿಸಿತು. ವಾದಕನಿಗೆ ಹಿಡಿಸಲಿಲ್ಲ. ಒಮ್ಮೆ ಒಪ್ಪಿಕೊಂಡರೆ ತನ್ನ ಸದ್ದುಗಳ ಕತೆ ಅಲ್ಲಿಗೆ ಮುಗಿಯಿತು ಎಂದು ಅವನಿಗೆ ಗೊತ್ತು. ಅವನು ಕೇಳಿಕೊಂಡ: “ಆಲ್ಬಮ್ಮನ್ನು ಒಂದು ಸಲ ಊರ ಮುಂದೆ ಇಡೋಣ. ಒಬ್ಬರ ಕಿವಿಗಾದರೂ ಅದು ಮುಟ್ಟಿದರೆ ಎರಡನೆಯದಕ್ಕೆ ಕೈ ಹಾಕೋಣ. ಯಾರಿಗೂ ಮುಟ್ಟದಿದ್ದರೆ ಮಾರನೆಯ ದಿನವೇ ಯಜಮಾನರಿಗೆ ಒಪ್ಪಿಗೆ ಹೇಳೋಣ. ನಾನು ಮತ್ತೆ ಬಾಯಿ ಬಿಡುವುದಿಲ್ಲ.”

ಇಬ್ಬರೂ ಒಪ್ಪಿದರು.

ಊರಿನಲ್ಲಿ ಜನರೇಟರ್ ಇದ್ದದ್ದು ಅದೇ ಕಲ್ಯಾಣಮಂಟಪಕ್ಕೆ. ಮುಹೂರ್ತವಿಲ್ಲದ ಒಂದು ಸಂಜೆಗೆ ಅದನ್ನೇ ಕೇಳಿ ಪಡೆದರು. ದೊಡ್ಡ ನಗರದ ಬ್ಯಾಂಡುಗಳು ಆಲ್ಬಮ್ ಹೊರತಂದ ದಿನ ರಿಸೆಪ್ಷನ್ ಇಟ್ಟುಕೊಳ್ಳುತ್ತವೆ ಎಂದು ವಾದಕ ಎಲ್ಲೋ ಓದಿದ್ದ. ಆಮಂತ್ರಣವನ್ನು ತಾನೇ ಬರೆದ. “ಕರೆಂಟು ಬಂತು ಬ್ಯಾಂಡ್. ಮೊದಲ ಸ್ಟುಡಿಯೋ ಆಲ್ಬಮ್. ರಿಸೆಪ್ಷನ್ ಸಂಜೆ ಏಳಕ್ಕೆ, ಕಲ್ಯಾಣಮಂಟಪದಲ್ಲಿ.” ಪ್ರೆಸ್ಸಿನವನು ಕೈಯ ಅಭ್ಯಾಸಬಲದಿಂದ ಮೇಲೆ ಗಣಪತಿಯನ್ನೂ ಕೆಳಗೆ “ಸಕುಟುಂಬ ಸಪರಿವಾರ ಸಮೇತ ಬನ್ನಿ” ಎಂಬುದನ್ನೂ ಸೇರಿಸಿದ. ಮೂಲೆಗಳಿಗೆ ಅರಿಶಿನ ಹಚ್ಚಿ ಕೊಟ್ಟ.

ಆ ಕಾರ್ಡಿನಲ್ಲಿ ಊರಿಗೆ ತಿಳಿಯದ ಪದ ಒಂದೂ ಇರಲಿಲ್ಲ. ಬ್ಯಾಂಡ್ ಎಂದರೆ ದಿಬ್ಬಣದ ಮುಂದೆ ಹೋಗುವುದು. ಸ್ಟುಡಿಯೋ ಎಂದರೆ ಫೋಟೋ ತೆಗೆಯುವವನ ಅಂಗಡಿ. ಆಲ್ಬಮ್ ಎಂದರೆ ಮದುವೆಯ ನಂತರ ಮನೆಗೆ ಬಂದವರ ತೊಡೆಯ ಮೇಲೆ ಇಟ್ಟು, ಅವರು ಬೇಡವೆಂದರೂ ಕೊನೆಯ ಪುಟದವರೆಗೆ ತೋರಿಸುವಂಥದು. ರಿಸೆಪ್ಷನ್ ಏನೆಂದು ತೊಟ್ಟಿಲ ಕೂಸಿಗೂ ಗೊತ್ತು.

ಏಳು ಗಂಟೆಗೆ ಮಂಟಪ ತುಂಬಿತು. ಭಾಷಣಕ್ಕೆ ಎಂಟಕ್ಕೆ ಬರುವ ಜನ ಊಟವಿರುವ ಕಡೆಗೆ ಏಳಕ್ಕೇ ಬಂದಿದ್ದರು. ಹೆಂಗಸರು ರೇಷ್ಮೆ ಉಟ್ಟಿದ್ದರು. ಗಂಡಸರ ಕೈಯಲ್ಲಿ ಮಿರುಗುವ ಕಾಗದ ಸುತ್ತಿದ ಪೊಟ್ಟಣಗಳಿದ್ದವು. ಮೂವರೂ ವೇದಿಕೆಯ ಮೇಲೆ ಯಂತ್ರಗಳ ಹಿಂದೆ ನಿಂತು ಮೊದಲ ಹಾಡನ್ನು ಶುರುಮಾಡಿದರು. ಕೆಳಗೆ ಕುಳಿತವರಲ್ಲಿಯೂ ಮಾತು ಶುರುವಾಯಿತು.

“ಹುಡುಗಿ ಇನ್ನೂ ಬಂದೇ ಇಲ್ವಲ್ರೀ?”

“ಪಾರ್ಲರಿಂದ ಹೊರಟಿದಾಳಂತೆ.”

“ಆ ಮೂವರಲ್ಲಿ ಗಂಡು ಯಾರು?”

“ನಡುವೆ ನಿಂತಿದಾನಲ್ಲ, ಅವನೇ ಇರ್ಬೇಕು. ಮುಖದಲ್ಲಿ ಭಯ ಇದೆ ನೋಡಿ.”

ಇದರಲ್ಲಿ ಒಂದು ಮಾತೂ ವಾದಕನ ಕಿವಿಗೆ ಬೀಳಲಿಲ್ಲ. ಅವನು ಕಂಡದ್ದು ಇಷ್ಟು: ಎರಡನೆಯ ಹಾಡು ಮುಗಿಯುವ ಮೊದಲೇ ಜನ ಸಾಲುಗಟ್ಟಿ ವೇದಿಕೆ ಹತ್ತಿದರು. ಪೊಟ್ಟಣ ಕೊಟ್ಟರು. ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಒಬ್ಬ ಮುದುಕರು ಮೂವರ ತಲೆಯ ಮೇಲೂ ಅಕ್ಷತೆ ಹಾಕಿ, “ಮೊದಮೊದಲು ಜಗಳ ಬರ್ತದೆ. ಹೊಂದಿಕೊಂಡು ಹೋಗಿ” ಎಂದರು. ಆ ಬೆಳಿಗ್ಗೆಯಷ್ಟೇ ಜಗಳವಾಡಿದ್ದ ಮೂವರೂ ಮುಖ ಮುಖ ನೋಡಿಕೊಂಡು ತಲೆ ತಗ್ಗಿಸಿದರು. ವಾದಕನ ಕಣ್ಣು ತುಂಬಿತು. ಕಲೆಗೆ ಇಷ್ಟು ಮರ್ಯಾದೆ ಕೊಡುವ ಊರನ್ನು ತಾನು ಇಷ್ಟು ವರ್ಷ ತಪ್ಪು ತಿಳಿದೆನಲ್ಲ ಎಂದು ನಾಚಿಕೊಂಡ.

ತಿಂಡಿಗೆ ಕೇಸರಿಬಾತು, ಉದ್ದಿನವಡೆ, ಕಾಫಿ ಇತ್ತು. ಹಾಡುಗಳೆಲ್ಲ ಮುಗಿದ ಮೇಲೆ ವಾದಕ ಬಾಗಿಲಲ್ಲಿ ಕೈಮುಗಿದು ನಿಂತು, ಹೊರಗೆ ಹೋಗುವವರನ್ನು ಹೇಗಿತ್ತು ಎಂದು ಕೇಳಿದ.

“ಬಹಳ ಚೆನ್ನಾಗಿತ್ತಪ್ಪ” ಎಂದರು ಎಲ್ಲರೂ.

ಜವಳಿ ವ್ಯಾಪಾರಿಯೊಬ್ಬ ತಡೆದು ನಿಂತು, “ಹದ ಅಂದ್ರೆ ಹದ. ದ್ರಾಕ್ಷಿ ಒಂದು ಸ್ವಲ್ಪ ಕಡಿಮೆ ಆಯ್ತು” ಎಂದ.

ಆ ಮಾತನ್ನು ಮೂವರೂ ಬಹಳ ಹೊತ್ತು ಚರ್ಚಿಸಿದರು. ದ್ರಾಕ್ಷಿ ಎಂದರೆ ಗಮಕವಿರಬೇಕು ಎಂದ ಒಬ್ಬ. ಅಲ್ಲ, ಅಲ್ಲೊಮ್ಮೆ ಇಲ್ಲೊಮ್ಮೆ ಬಂದು ಹೋಗುವ ಗಂಟೆಯ ಸದ್ದೇ ಇರಬೇಕು ಎಂದ ಇನ್ನೊಬ್ಬ. ಏನೇ ಇರಲಿ, ಎರಡನೆಯ ಆಲ್ಬಮ್ಮಿನಲ್ಲಿ ದ್ರಾಕ್ಷಿ ಹೆಚ್ಚಿಸುವುದೆಂದು ತೀರ್ಮಾನವಾಯಿತು.

ಬೆಳಗಾಯಿತು. ಮದುಮಗಳು ಕೊನೆಯವರೆಗೂ ಬರಲಿಲ್ಲ ಎಂಬುದು ಅಷ್ಟರಲ್ಲಿ ಊರಿಗೆಲ್ಲ ಹರಡಿತ್ತು. ವಾದಕನ ಮನೆಗೆ ಮೊದಲು ಬಂದವನು ಅದೇ ಜವಳಿ ವ್ಯಾಪಾರಿ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ದನಿ ತಗ್ಗಿಸಿ, “ಓಡಿಹೋದಳಂತಲ್ಲಪ್ಪ. ಹೋಗ್ಲಿ ಬಿಡು, ನಿನಗೇನು, ಗಂಡುಮಗ” ಎಂದ.

ಯಾರು ಓಡಿಹೋದದ್ದು ಎಂದು ವಾದಕ ಕೇಳಿದ. ಹುಡುಗಿ ಎಂದ ವ್ಯಾಪಾರಿ. ಯಾವ ಹುಡುಗಿ ಎಂದು ವಾದಕ ಕೇಳಿದ. ಹೀಗೆ ಕೇಳುತ್ತ ಹೇಳುತ್ತ, ಮದುವೆಯೇ ಇರಲಿಲ್ಲ ಎಂಬಲ್ಲಿಗೆ ಇಬ್ಬರೂ ಬಂದು ನಿಂತರು. ವ್ಯಾಪಾರಿ, “ಹಾಗಾದ್ರೆ ನಮ್ಮ ಗೋಡೆ ಗಡಿಯಾರ…” ಎಂದು ರಾಗ ಎಳೆದ.

ವಾದಕ ಗಡಿಯಾರವನ್ನು ತಂದು ಕೊಟ್ಟ. ಕೊಡುವಾಗ ಕೇಳಿದ: “ಆದರೂ ಹಾಡುಗಳು ಹಿಡಿಸಿದುವಲ್ಲ, ಸಾಹುಕಾರರೇ?”

“ಹಾಡೆಲ್ಲಪ್ಪ ಹಾಡಿದಿರಿ? ಕೊನೆವರೆಗೂ ಮೈಕ್ ಟೆಸ್ಟಿಂಗೇ ಆಯ್ತಲ್ಲ.”

“ಹದ ಸರಿಯಾಗಿತ್ತು ಅಂದಿರಿ.”

“ಕೇಸರಿಬಾತಿಂದು. ಅದನ್ನ ಈಗಲೂ ಹೇಳ್ತೀನಿ.”

ಆ ದಿನವೆಲ್ಲ ಜನ ಬಂದರು. ಕಾಗದವೆಲ್ಲ ಒಂದೇ ಥರ ಇದ್ದುದರಿಂದ ತಮ್ಮ ಪೊಟ್ಟಣ ಯಾವುದೆಂದು ತಿಳಿಯದೆ, ಅಲುಗಾಡಿಸಿ ನೋಡಿ, ದೊಡ್ಡದನ್ನೇ ತಮ್ಮದೆಂದು ಒಯ್ದವರೂ ಇದ್ದರು. ವಾದಕ ಯಾರನ್ನೂ ತಡೆಯಲಿಲ್ಲ. ಪ್ರತಿಯೊಬ್ಬರನ್ನೂ ಹಾಡಿನ ವಿಷಯ ಕೇಳಿದ. ವಡೆ ಸ್ವಲ್ಪ ಗಟ್ಟಿಯಾಗಿತ್ತು ಎಂದು ಒಬ್ಬಾಕೆ ಸಂಕೋಚದಿಂದ ಒಪ್ಪಿಕೊಂಡಳು. ಅದಕ್ಕಿಂತ ಹೆಚ್ಚಿನ ವಿಮರ್ಶೆ ಸಿಗಲಿಲ್ಲ.

ಸಂಜೆಗೆ ಜೊತೆಗಾರರು, “ಇನ್ನೇನು, ಯಜಮಾನರಿಗೆ ಹೇಳಿಬಿಡು” ಎಂದರು. ಕೊಟ್ಟ ಮಾತು ಇತ್ತು. ವಾದಕ ಫೋನನ್ನು ಕೈಗೆ ತೆಗೆದುಕೊಂಡ.

ಆಗ ಹಿರಿಯ ಹೆಂಗಸೊಬ್ಬರು ಬಂದರು. ಮೊಣಕಾಲು ನೋವಿನಿಂದ ವೇದಿಕೆ ಹತ್ತಲಾರದೆ, ತಿಂಡಿಗೂ ಏಳಲಾರದೆ, ಮೊದಲ ಸಾಲಿನಲ್ಲಿ ಸ್ಪೀಕರಿನ ಎದುರಿಗೇ ಕುಳಿತಿದ್ದವರು. ಉಡುಗೊರೆಯನ್ನು ಬೇರೆಯವರ ಕೈಯಲ್ಲಿ ಮೇಲಕ್ಕೆ ಕಳಿಸಿದ್ದರು.

“ನಂದು ಹಾಟ್‌ಬಾಕ್ಸು. ಅದಿರ್ಲಿ. ನಿನ್ನೆ ರಾತ್ರಿ ನಂಗೆ ನಿದ್ದೆ ಇಲ್ಲ. ನಿಮ್ಮಿಂದ” ಎಂದರು.

“ಸದ್ದು ಜಾಸ್ತಿ ಆಯ್ತೇನಮ್ಮ?”

“ಸದ್ದಿಗೆ ನಾನು ಹೆದರೋಳಲ್ಲ, ಮೊಮ್ಮಕ್ಕಳಿರೋ ಮನೆ ನಂದು. ನಲ್ಲಿ ತೊಟ್ಟಿಕ್ಕಿದ ಹಾಗೆ ಶುರು ಆಗ್ತದಲ್ಲ ಒಂದು, ಆ ಹಾಡು. ಕುಕ್ಕರ್ ಏರಿದ ಹಾಗೆ ಏರ್ತಾ ಹೋಯ್ತು. ನಾನು ಸೆರಗು ಬಿಗಿಯಾಗಿ ಹಿಡ್ಕೊಂಡು ಕೂತೆ. ಈಗ ವಿಷಲ್ ಬರ್ತದೆ, ಈಗ ಬರ್ತದೆ ಅಂತ. ಬರಲೇ ಇಲ್ಲ. ಯಾರೋ ಒಲೆ ಆರಿಸಿದ ಹಾಗೆ ನಿಲ್ಲಿಸಿಬಿಟ್ರಿ. ಅನ್ನ ಬೇಯೋ ಮೊದಲೇ ಇಳಿಸಿ ಬಡಿಸ್ತಾರೇನಪ್ಪ ಯಾರಾದ್ರೂ?”

ವಾದಕ ಅವರನ್ನು ಕುರ್ಚಿಯಲ್ಲಿ ಕೂರಿಸಿ ಆ ಹಾಡನ್ನು ಹಾಕಿದ. ಅದು ತೊಟ್ಟಿಕ್ಕಿತು, ಏರಿತು. ಆಕೆ ಬೆರಳೆತ್ತಿ, “ಇಲ್ಲಿ” ಎಂದರು.

ಅವನು ಹೇಳಿದ: “ಇತ್ತಮ್ಮ. ಒಂದು ದೊಡ್ಡ ಸದ್ದು ಇತ್ತು ಅಲ್ಲಿ. ನಾವೇ ತೆಗೆದುಬಿಟ್ಟೆವು.”

“ಯಾಕೆ?”

“ಜನ ಕಿವಿ ಮುಚ್ಚಿಕೊಳ್ತಾರೆ ಅಂತ.”

“ಯಾವ ಜನ? ಅವರು ಕೇಸರಿಬಾತ್ ತಿಂತಿದ್ರು.”

ವಾದಕ ಆ ಹಾಡಿನ ಮೊದಲ ರೂಪವನ್ನು, ಕತ್ತರಿ ಬೀಳದೆ ಇದ್ದದ್ದನ್ನು, ಹುಡುಕಿ ಹಾಕಿದ. ಹಾಸಿಗೆ ಹೊಡೆದ ಗೋಡೆಗಳು ನಡುಗುವಂತೆ ಆ ಸದ್ದು ಬಂತು. ಜೊತೆಗಾರರು ಕಿವಿ ಮುಚ್ಚಿಕೊಂಡರು. ಆಕೆ ಮುಚ್ಚಿಕೊಳ್ಳಲಿಲ್ಲ. ಹುಡುಗ ಮಗ್ಗಿ ಸರಿಯಾಗಿ ಒಪ್ಪಿಸಿದಾಗ ಉಪಾಧ್ಯಾಯಿನಿ ಆಡಿಸುವಷ್ಟೇ ತಲೆಯಾಡಿಸಿ, “ಈಗ ಬೆಂತು” ಎಂದು ಎದ್ದರು. ಹಾಟ್‌ಬಾಕ್ಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲವರೆಗೆ ಹೋಗಿ, ತಿರುಗಿ ನಿಂತರು.

“ಅದರ ಮುಂದಿನ ಹಾಡೂ ಸರಿಯಿಲ್ಲ. ಇವತ್ತು ಕಾಲು ನೋಯ್ತಿದೆ, ನಾಳೆ ಬಂದು ಹೇಳ್ತೀನಿ.”

ಆಕೆ ಹೋದ ಮೇಲೆ ಜೊತೆಗಾರರು ಕೇಳಿದರು: “ಯಜಮಾನರಿಗೆ ಏನು ಹೇಳೋದು?”

“ಆಗೋದಿಲ್ಲ ಅಂತ ಹೇಳಿ” ಎಂದ ವಾದಕ. “ನಾಳೆ ಆ ಅಮ್ಮ ಬರ್ತಾರೆ.”

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಕ್ಕು ನಕ್ಕು, ಉತ್ತರೀಯದ ತುದಿಯಿಂದ ಕಣ್ಣೊರೆಸಿಕೊಂಡು, “ಬಹಳ ಚೆನ್ನಾಗಿತ್ತು, ಗುರುಗಳೇ” ಎಂದ.

“ಎಲ್ಲಿ ಚೆನ್ನಾಗಿರಲಿಲ್ಲ, ಅದನ್ನು ಹೇಳು” ಎಂದರು ಗುರುಗಳು.