ಅಟ್ಟದ ಮೇಲಿನ ತೊಟ್ಟಿಲು

ಪೂಜ್ಯ ಅಡವಯ್ಯ ಅಜ್ಜನವರ ಪಾದಗಳನ್ನು ನೆನೆದು, ಅವರ ಜೀವನದ ಒಂದು ಪ್ರಸಂಗವನ್ನು ಇಲ್ಲಿ ನಿವೇದಿಸುತ್ತೇನೆ. ಪವಾಡ ಬೇಕೆನ್ನುವವರು ಬೇರೆ ಕಡೆ ಹುಡುಕಿಕೊಳ್ಳಬೇಕು. ಅಜ್ಜನವರು ನೀರನ್ನು ತುಪ್ಪ ಮಾಡಿದವರಲ್ಲ, ಸತ್ತವರನ್ನು ಎಬ್ಬಿಸಿದವರಲ್ಲ. ಎರಡು ಊರಿನ ಮಂದಿಯನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿದರು, ಅಷ್ಟೇ. ಆ ಎರಡೂ ಊರುಗಳನ್ನು ಬಲ್ಲವರನ್ನು ಕೇಳಿ ನೋಡಿ, ಸತ್ತವರನ್ನು ಎಬ್ಬಿಸುವುದೇ ಹಗುರಾಗಿತ್ತು ಎನ್ನುತ್ತಾರೆ.

ಕರಡಿಹಾಳ ಮತ್ತು ಬೆಣಚಿಕೊಪ್ಪದ ನಡುವೆ ಒಂದು ಹಳ್ಳ ಹರಿಯುತ್ತದೆ. ಅದರ ದಂಡೆಯ ಮೇಲೆ ಅಜ್ಜನವರ ಮಠ. ಮಠವೆಂದರೆ ಏನು ಮಹಾ! ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಒಳಗೊಂದು ಗದ್ದುಗೆ, ಹಿಂದೆ ದಾಸೋಹದ ಅಡಿಗೆಮನೆ. ಪೂಜೆ ಮುಗಿಯುತ್ತಲೇ ಅಜ್ಜನವರು ಅಡಿಗೆಮನೆಯ ಕಟ್ಟೆಯ ಮೇಲೆ ಕೂತು ಪುಂಡಿಪಲ್ಲೆ ಸೋಸುವರು. ಬಂದವರು ಅಲ್ಲಿಯೇ ನಮಸ್ಕರಿಸಿ, ಅಲ್ಲಿಯೇ ತಮ್ಮ ಸುಖದುಃಖ ಹೇಳಿಕೊಳ್ಳುವರು. ಅಜ್ಜನವರು ಕೇಳುವುದು ಹೆಚ್ಚು, ಆಡುವುದು ಕಡಿಮೆ. ಮಾತಿನ ಬದಲು ಎಷ್ಟೋ ಜನರ ಮುಂದೆ ಒಂದು ಹಿಡಿ ಸೊಪ್ಪು ಸರಿಸಿಬಿಡುತ್ತಿದ್ದರು. ಸೋಸುತ್ತ ಸೋಸುತ್ತ ಅವರ ಸಿಟ್ಟು ಇಳಿಯುತ್ತಿತ್ತು.

ಒಂದು ವರ್ಷ ಆ ಊರುಗಳ ನಡುವೆ ತೆರಬಂಡಿಯ ಸ್ಪರ್ಧೆಯಾಯಿತು. ಗಾಲಿ ಬಿಗಿದು ಕಟ್ಟಿದ ಬಂಡಿಯನ್ನು ಯಾವ ಜೋಡಿ ಎತ್ತು ಹೆಚ್ಚು ದೂರ ಎಳೆಯುತ್ತದೋ ಅದು ಗೆದ್ದಂತೆ. ಗೆದ್ದದ್ದು ನಮ್ಮ ಎತ್ತು ಎಂದು ಇವರು, ನಮ್ಮದೇ ಎಂದು ಅವರು. ಎತ್ತುಗಳು ಪಾಪ ಮೆಲುಕು ಹಾಕುತ್ತ ಸುಮ್ಮನೆ ನಿಂತಿದ್ದವು, ಬುದ್ಧಿವಂತ ಮನುಷ್ಯರು ಬಡಿಗೆ ಎತ್ತಿದರು. ತಲೆ ಒಡೆದವು, ಕೋರ್ಟು ಕಚೇರಿ ಆಯಿತು. ಕಡೆಗೆ ಎರಡೂ ಊರಿನ ಹಿರಿಯರು ತಮ್ಮ ತಮ್ಮ ಗುಡಿಯಲ್ಲಿ ದೇವರ ಅರಿಶಿನದ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದರು. ಇನ್ನು ಯಾರೂ ಹಳ್ಳ ದಾಟಬಾರದು, ಆ ಊರಿಗೆ ಹೆಣ್ಣು ಕೊಡಬಾರದು, ತರಬಾರದು.

ಅದಾಗಲೇ ಕೊಟ್ಟಾಗಿದ್ದ ಹೆಣ್ಣುಮಕ್ಕಳ ಗತಿ? ಅದು ಯಾವ ಹಿರಿಯನ ತಲೆಗೂ ಹೊಳೆಯಲಿಲ್ಲ ನೋಡಿ! ನಮ್ಮ ಸೀಮೆಯಲ್ಲಿ ನಾಗರ ಪಂಚಮಿಗೆ ಹೆಣ್ಣುಮಗಳು ತವರಿಗೆ ಬರಲೇಬೇಕು. ಆದರೆ ಅಣ್ಣನೋ ತಮ್ಮನೋ ಹೋಗಿ ಕರೆಯದ ಹೊರತು ಆಕೆ ಹೊಸ್ತಿಲು ದಾಟುವವಳಲ್ಲ. ಆಣೆಗೆ ಅಂಜಿ ಯಾವ ಅಣ್ಣನೂ ಹೋಗಲಿಲ್ಲ. ಎರಡು ಪಂಚಮಿ ಹಾಗೆಯೇ ಹೋದವು. ಕೂಗಿದರೆ ಕೇಳುವಷ್ಟು ದೂರದಲ್ಲಿ ತವರಿದ್ದೂ ಆ ಹೆಣ್ಣುಮಕ್ಕಳು ಹಬ್ಬದ ದಿನ ಕಣ್ಣೊರೆಸಿಕೊಂಡು ಉಂಡರು. ಮಠಕ್ಕೆ ಸಹ ಕರಡಿಹಾಳದವರು ಸೋಮವಾರ, ಬೆಣಚಿಕೊಪ್ಪದವರು ಗುರುವಾರ ಎಂದು ಪಾಳಿ ಹಾಕಿಕೊಂಡು ಬರತೊಡಗಿದರು.

ಮೂರನೆಯ ಪಂಚಮಿ ಹತ್ತಿರ ಬಂದಾಗ ಕರಡಿಹಾಳದ ಫಕೀರಗೌಡರು ಮಠಕ್ಕೆ ಬಂದರು. ಇವರು ತಾಲೂಕಿನ ಶಾಂತಿ ಸಮಿತಿಯ ಸಂಚಾಲಕರು. ಎಲ್ಲಿ ಗಲಾಟೆಯಾದರೂ ಅಲ್ಲಿ ಶಾಂತಿ ಸಭೆ, ಶಾಂತಿ ನಡಿಗೆ, ಪ್ರಭಾತಫೇರಿ ಏರ್ಪಡಿಸುವವರು. ಒಳ್ಳೆಯ ಮನುಷ್ಯರೇ, ಸುಳ್ಳು ಹೇಳಬಾರದು. ಆದರೆ ಮೈಕು ಕೈಗೆ ಸಿಕ್ಕರೆ ಬಿಡಿಸಿಕೊಳ್ಳುವುದು ಕಷ್ಟವಿತ್ತು. ಸ್ವಾಮಿಗಳು, ಮಠ ಎಂದರೆ ಅಷ್ಟಕ್ಕಷ್ಟೇ. ಈಗ ಎರಡೂ ಊರು ಕೂಡಿಸಿ ದೊಡ್ಡ ಸಭೆ ಮಾಡಬೇಕೆಂದು ಹೊರಟಿದ್ದರು. ಸಮಿತಿಯ ಕೆಲಸಕ್ಕೆ ಮಾತ್ರ ಹಳ್ಳ ದಾಟಬಹುದೆಂದು ಹಿರಿಯರಿಂದ ವಿನಾಯಿತಿಯನ್ನೂ ಪಡೆದಿದ್ದರು. ತೊಡಕು ಬಂದದ್ದು ಆಮಂತ್ರಣ ಪತ್ರಿಕೆಯಲ್ಲಿ. ಉದ್ಘಾಟನೆ ಯಾರದು, ಅಧ್ಯಕ್ಷತೆ ಯಾರದು, ಯಾವ ಊರಿನವರ ಹೆಸರು ಮೇಲೆ, ಯಾವ ಊರಿನವರದು ಕೆಳಗೆ? ಶಾಂತಿ ಸಭೆಯ ಕಾರ್ಡಿಗಾಗಿ ಮತ್ತೊಮ್ಮೆ ಬಡಿಗೆ ಏಳುವುದೊಂದು ಬಾಕಿ. ಅದಕ್ಕೇ ‘ದಿವ್ಯ ಸಾನ್ನಿಧ್ಯ’ ಎಂದು ಅಜ್ಜನವರ ಹೆಸರನ್ನು ಎಲ್ಲರಿಗಿಂತ ಮೇಲೆ ಹಾಕಿದರೆ ಯಾರೂ ಸೊಲ್ಲೆತ್ತುವುದಿಲ್ಲ ಎಂಬ ಲೆಕ್ಕಾಚಾರ ಗೌಡರದು.

ಅಜ್ಜನವರು ಎಲ್ಲವನ್ನೂ ಕೇಳಿದರು. ಪುಂಡಿಯ ಕಡ್ಡಿಗಳನ್ನು ಒಂದು ಕಡೆ ಸರಿಸಿ, “ಗೌಡ್ರ, ನಿಮ್ಮ ತಂಗೀನ್ನ ಎಲ್ಲಿ ಕೊಟ್ಟೀರಿ?” ಎಂದರು.

“ಬಾಳವ್ವನ್ನೇನ್ರಿ? ಬೆಣಚಿಕೊಪ್ಪಕ್ಕ ಕೊಟ್ಟೀವ್ರಿ.”

“ಈ ಸಲ ಪಂಚಮಿಗೆ ಕರೀತೀರಿ?”

ಗೌಡರು ತಬ್ಬಿಬ್ಬಾದರು. “ಊರ ಆಣೆ ಐತೆಲ್ರಿ ಅಜ್ಜಾರ. ಮೊದಲ ಸಭಾ ಆಗಲಿ, ಶಾಂತಿ ಆಗಲಿ, ಆಮ್ಯಾಲ ಕರದರಾತು.”

“ಆಕಿನ್ನ ಕರ್ಕೊಂಡ ಬರ್ರಿ. ಆಕಿ ಬಂದ ದಿನ ನಿಮ್ಮ ಸಭಾಕ್ಕ ನಾನೂ ಬರ್ತೀನಿ.”

ಇಷ್ಟೇ ಹೇಳಿ ಅಜ್ಜನವರು ಮತ್ತೆ ಸೊಪ್ಪಿಗೆ ಕೈಹಾಕಿದರು. ಗೌಡರಿಗೆ ಒಳಗೊಳಗೇ ಸಿಟ್ಟು ಬಂತು. ಊರ ಬೆಂಕಿ ಆರಿಸಲು ಬಂದರೆ ಈ ಸ್ವಾಮಿ ಮನೆಯ ಮಾತು ತೆಗೆದನಲ್ಲ ಎಂದುಕೊಂಡರು. ಆದರೂ, ತಂಗಿ ತಾನೆ, ಒಂದು ಮಾತು ಹೇಳಿದರೆ ಬಂದಾಳು, ಇದೇನು ದೊಡ್ಡ ಕೆಲಸ ಎಂದು ಮರುದಿನವೇ ಹೊರಟರು. ಹೇಗೆ ಹೊರಟರು ಅನ್ನುತ್ತೀರಿ? ಸಮಿತಿಯ ಜೀಪು, ಮೇಲೆ ಮೈಕು, ಹಿಂದೆ ಇಬ್ಬರು ಸದಸ್ಯರು, ಕೈಯಲ್ಲಿ ಕಾರ್ಡಿನ ಕರಡು. ತಂಗಿಯನ್ನು ಪಂಚಮಿಗೆ ಕರೆಯಲು ಹೋಗುವ ಅಣ್ಣನ ಕೈಯಲ್ಲಿ ಉಂಡಿಯ ಬುತ್ತಿ ಇರಬೇಕು ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು. ತಾಲೂಕಿಗೆಲ್ಲ ಬುದ್ಧಿ ಹೇಳುವ ಗೌಡರಿಗೆ ನೆನಪಾಗಲಿಲ್ಲ.

ಬಾಳವ್ವ ಬಂದವರಿಗೆಲ್ಲ ನೀರು, ಬೆಲ್ಲ ಕೊಟ್ಟಳು, ಚಹಾ ಕೊಟ್ಟಳು. ಅಣ್ಣ ಚಾಚಿದ ಕಾರ್ಡನ್ನು ಮಾತ್ರ ಮುಟ್ಟಲಿಲ್ಲ. ಬಾಗಿಲ ತೋಳಿಗೆ ಒರಗಿ ನಿಂತು ಕೇಳಿದಳು:

“ಅಣ್ಣಾ, ನನ್ನ ಕರಿಯಾಕ ಬಂದೀಯೋ, ಸಭಾಕ್ಕ ಮಂದಿ ಕೂಡಸಾಕ ಬಂದೀಯೋ?”

“ಎರಡೂ ಒಂದ ಅಲ್ಲೇನವ್ವಾ...”

“ಒಂದ ಅಲ್ಲೋ ಯಣ್ಣಾ. ಚೊಚ್ಚಲ ಹೆರಿಗಿಗೆ ಕರಿಯಾಕ ಬರ್ಲಿಲ್ಲ. ಹೋಗಲಿ, ಆಣೆ ಐತಿ ಅಂದ್ಯಾ. ಹೆಸರಿಡೂ ದಿನ ತವರಿನ ತೊಟ್ಟಿಲಾದ್ರೂ ಬರ್ತೈತಿ ಅಂತ ಸಂಜೀತನಕ ಹಾದಿ ನೋಡೀನಿ. ಅಣ್ಣ ಇದ್ದೂ ನನ್ನ ಕೂಸು ಮಂದಿ ತೊಟ್ಟಿಲದಾಗ ಮಲಗ್ತು. ಈ ಸಭಾದ ಕೆಲಸಕ್ಕ ನೀ ಎಷ್ಟ ಸಲ ನಮ್ಮೂರಿಗೆ ಬಂದಿ, ನಮ್ಮ ಓಣಿ ಹಾದು ಹೋದಿ, ಇಳದೇನು? ಮನಿಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ನಿನ್ನ ನೋಡೇ ಅಂದಿರ್ಬೇಕು. ನಿನ್ನ ಸೊಸಿ, ನನ್ನ ಮಗಳ ಹೆಸರೇನು, ಹೇಳ ನೋಡೂಣು?”

ಗೌಡರಿಗೆ ಹೆಸರು ಗೊತ್ತಿರಲಿಲ್ಲ. ಅವಳ ಸೀರೆಯ ಹಿಂದಿನಿಂದ ಎರಡು ವರ್ಷದ ಒಂದು ಹುಡುಗಿ ಇಣುಕಿ ನೋಡಿ ಮತ್ತೆ ಅಡಗಿಕೊಂಡಿತು. ಸಮಿತಿಯ ಸದಸ್ಯರು ಚಹಾದ ಬಟ್ಟಲನ್ನೇ ದಿಟ್ಟಿಸುತ್ತ ಕೂತಿದ್ದರು. ಬಾಳವ್ವ ಒಳಗೆ ಹೋದಳು, ತಿರುಗಿ ಬರಲಿಲ್ಲ.

ಜೀಪನ್ನು ಊರಿಗೆ ಕಳಿಸಿ ಗೌಡರೊಬ್ಬರೇ ನಡೆದು ಮಠಕ್ಕೆ ಬಂದರು. ಬರುವಾಗ ಸಿಟ್ಟು ಮಾಡಿಕೊಂಡೇ ಬಂದರಂತೆ. ಅಜ್ಜನವರ ಮುಖ ನೋಡಿದೊಡನೆ ಅದು ಎಲ್ಲಿ ಹೋಯಿತೋ. ಕಟ್ಟೆಯ ಕೆಳಗೆ ನೆಲದ ಮೇಲೆಯೇ ಕುಸಿದು ಕೂತರು. “ಆಕಿ ಬರವಲ್ಲಳ್ರೀ ಅಜ್ಜಾರ. ಇದ್ದಾಕಿ ಒಬ್ಬಾಕಿ ತಂಗಿ, ಅವ್ವ ಸಾಯೋ ಮುಂದ ನನ್ನ ಕೈಯಾಗ ಆಕಿ ಕೈ ಇಟ್ಟು ಹೋಗಿದ್ಲು. ಆಕೀನ್ನೂ ಕಳಕೊಂಡೆ. ತೊಟ್ಟಿಲ ಮಾಡಿಸಿದ್ದೆ, ಖರೇ ಹೇಳ್ತೀನಿ, ಸಾಗವಾನಿ ಕಟಗಿದು, ಗಿಳಿ ಕೆತ್ತಿಸಿ ಬಣ್ಣ ಹಚ್ಚಿಸಿದ್ದೆ. ಮುಖಂಡನ ಆಣೆ ಮುರದಾ ಅಂತ ಊರ ಮಂದಿ ಅಂದಾರು ಅಂತ ಕಳಸ್ಲಿಲ್ಲ.”

“ಎಲ್ಲೈತಿ ತೊಟ್ಟಿಲ?”

“ಅಟ್ಟದ ಮ್ಯಾಲ ಐತ್ರಿ.”

ಅಜ್ಜನವರು ಅವರನ್ನು ಕರುಣೆಯಿಂದ ನೋಡಿದರು. “ಅಟ್ಟಕ್ಕಂತ ಮಾಡಿಸಿದ್ದೇನ್ರೀ ಅದನ್ನ?”

ಗೌಡರು ಎದ್ದರು, ಅಜ್ಜನವರ ಪಾದಕ್ಕೆ ಹಣೆ ಹಚ್ಚಿ ನಮಸ್ಕರಿಸಿದರು. ಅಂಥ ನಮಸ್ಕಾರವನ್ನು ಅವರು ಅದುವರೆಗೆ ಯಾರಿಗೂ ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ, ದನಗಳು ಮೇಯಲು ಹೊರಡುವ ಹೊತ್ತಿಗೆ, ಕರಡಿಹಾಳದ ನಡುಬೀದಿಯಲ್ಲಿ ಫಕೀರಗೌಡರು ತಲೆಯ ಮೇಲೆ ತೊಟ್ಟಿಲು ಹೊತ್ತು ಹೊರಟರು. ತೊಟ್ಟಿಲೊಳಗೆ ಹೆಂಡತಿ ಕಟ್ಟಿಕೊಟ್ಟ ಶೇಂಗಾ ಉಂಡಿಯ ಬುತ್ತಿ, ಒಂದು ಇಳಕಲ್ಲ ಸೀರೆ. ಊರಿಗೆ ಊರೇ ಬಾಗಿಲಿಗೆ ಬಂದು ನಿಂತಿತು. ಊರ ಅಗಸೆಬಾಗಿಲಲ್ಲಿ ಹಿರಿಯ ಮುದುಕಪ್ಪನವರು ದಾರಿಗೆ ಅಡ್ಡ ನಿಂತರು. ಆಣೆ ಮಾಡಿಸಿದವರಲ್ಲಿ ಇವರೇ ಮೊದಲಿಗರು.

“ಗೌಡಾ, ಇದು ಸಮಿತಿ ಕೆಲಸ ಅಲ್ಲ. ಆಣೆ ಮುರದಂಗಾಕ್ಕೈತಿ.”

“ಆಕ್ಕೈತ್ರಿ ಕಾಕಾ,” ಎಂದರು ಗೌಡರು. “ಊರು ಏನ ಶಿಕ್ಷಾ ಕೊಡ್ತೈತೋ ಕೊಡ್ಲಿ, ತಗೋತೀನಿ. ನನ್ನ ತಂಗಿ ಆಕಿ. ನಾ ಹೋಗಾಂವ.”

ಮುದುಕಪ್ಪನವರು ಮತ್ತೇನೋ ಹೇಳುವುದರಲ್ಲಿದ್ದರು. ಅಷ್ಟರಲ್ಲಿ ಅವರ ಹೆಂಡತಿ ಯಲ್ಲವ್ವ ಸೆರಗು ಸಾವರಿಸಿಕೊಳ್ಳುತ್ತ ಮನೆಯಿಂದ ಓಡಿ ಬಂದಳು. ಗಂಡನ ಕಡೆ ನೋಡಲೂ ಇಲ್ಲ. ಕೈಯಲ್ಲಿದ್ದ ಗಂಟನ್ನು ತೊಟ್ಟಿಲೊಳಗೆ ಇಟ್ಟು, “ನಮ್ಮ ಹುಡಿಗೀಗೂ ಇಷ್ಟ ಮುಟ್ಟಿಸೋ ನಮ್ಮಪ್ಪಾ. ಎಳ್ಳುಂಡಿ ಅಂದ್ರ ಭಾಳ ಆಸಿ ಅದಕ್ಕ,” ಎಂದು ಅಳಲಾರಂಭಿಸಿದಳು. ಮುದುಕಪ್ಪನವರು ಮುಖ ತಿರುಗಿಸಿ ಅಗಸೆಯ ಗೋಡೆ ನೋಡುತ್ತ ನಿಂತರು. ದಾರಿ ಬಿಟ್ಟಿದ್ದರು.

ಇನ್ನು ಕೇಳಬೇಕೆ! ಈ ಮನೆಯಿಂದ ಒಬ್ಬ ತಾಯಿ, ಆ ಮನೆಯಿಂದ ಒಬ್ಬ ಅತ್ತಿಗೆ, ಎಲ್ಲರ ಕೈಯಲ್ಲೂ ಗಂಟು. ಉಂಡಿ, ಜೋಳದ ಅಳ್ಳು, ಕುಬಸಕ್ಕೊಂದು ಕಣದ ಬಟ್ಟೆ, ಕೂಸಿನ ತಲೆಗೊಂದು ಕುಂಚಿಗೆ. ತೊಟ್ಟಿಲು ತುಂಬಿ ಒಬ್ಬರ ತಲೆ ಹೊರಲಾರದಷ್ಟು ಭಾರವಾಯಿತು. ಹೊರಲು ಇನ್ನೂ ಮೂವರು ಹೆಗಲು ಕೊಟ್ಟರು, ಅವರಲ್ಲಿ ಒಬ್ಬ ಮುದುಕಪ್ಪನವರ ಮಗ. ನಾಲ್ವರು ಅಣ್ಣಂದಿರು ಹಳ್ಳಕ್ಕೆ ಇಳಿದರು. ದಂಡೆಯ ಮೇಲೆ ನಿಂತಿದ್ದ ಅಜ್ಜನವರು ಕೈಯೆತ್ತಿ ಹರಸಿದರು.

ಕರಡಿಹಾಳದವರು ಬಂದರೆಂದು ಬೆಣಚಿಕೊಪ್ಪದ ಹುಡುಗರು ಬಡಿಗೆ ಹಿಡಿದೇ ಓಡಿ ಬಂದರು. ಬಂದು ನೋಡಿದರೆ ತೊಟ್ಟಿಲು! ಬಡಿಗೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡರು. “ನಮ್ಮವ್ವ ಏನರ ಕಳಿಸ್ಯಾಳೇನೋ ಅಣ್ಣಾ?” ಎಂದು ಓಣಿ ಓಣಿಯಿಂದ ಸೊಸೆಯಂದಿರು ಹೊರಗೆ ಬಂದರು. ಅತ್ತೆಯ ಅಪ್ಪಣೆ ಕೇಳುವ ವ್ಯವಧಾನ ಯಾರಿಗಿತ್ತು?

ತೊಟ್ಟಿಲು ಬಾಳವ್ವನ ಅಂಗಳದಲ್ಲಿ ಇಳಿಯಿತು. ಬಾಳವ್ವ ಹೊಸ್ತಿಲಲ್ಲಿ ನಿಂತಿದ್ದಳು.

“ತಂಗೀ, ತಡ ಆತವ್ವಾ,” ಎಂದರು ಗೌಡರು. “ಪಂಚಮಿಗೆ ಕರಿಯಾಕ ಬಂದೀನಿ. ಬ್ಯಾರೆ ಯಾ ಕೆಲಸಕ್ಕೂ ಬಂದಿಲ್ಲ. ನೀ ಬರಾಕ ಒಪ್ಪೂತನಕ ಇಲ್ಲೇ ಕಟ್ಟಿಮ್ಯಾಲ ಕುಂದ್ರತೀನಿ.”

ಬಾಳವ್ವ ಏನು ಹೇಳುತ್ತಿದ್ದಳೋ. ಅಷ್ಟರಲ್ಲಿ ಅವಳ ಮಗಳು ಅಡಗಿದ್ದಲ್ಲಿಂದ ಹೊರಬಂದು ಗಿಳಿಗಳನ್ನು ಮುಟ್ಟಿ ನೋಡಿತು, ಗಂಟುಗಳನ್ನು ಒಂದೊಂದೇ ಎತ್ತಿ ಹೊರಗೆಸೆಯಿತು, ತೊಟ್ಟಿಲನ್ನು ಏರಿ ಮಲಗಿಯೇಬಿಟ್ಟಿತು. ಕಾಲು ಎರಡೂ ಹೊರಗೆ ಉಳಿದವು. ಅದನ್ನು ನೋಡಿ ಗೌಡರು ಮೊಣಕಾಲೂರಿ ಕೂತು ಕೇಳಿದರು:

“ನಿನ್ನ ಹೆಸರೇನ ನಮ್ಮವ್ವಾ?”

“ಗಿರೆವ್ವ,” ಎಂದಿತು ಹುಡುಗಿ.

ಗಿರೆವ್ವ ಎಂಬುದು ಗೌಡರ ತಾಯಿಯ ಹೆಸರು. ಅವರು ತಂಗಿಯ ಕಡೆ ನೋಡಿದರು. “ಅವ್ವನ ಹೆಸರ ಮತ್ಯಾರಿಗಿಡಲಿ?” ಎಂದಳು ಬಾಳವ್ವ. ಗೌಡರು ತೊಟ್ಟಿಲ ಅಂಚಿಗೆ ತಲೆಯಿಟ್ಟು ಗಟ್ಟಿಯಾಗಿ ಅತ್ತರು. ಬಾಳವ್ವ ಬಂದು ಅವರ ಬೆನ್ನ ಮೇಲೆ ಕೈಯಿಟ್ಟಳು. ಆಗ ಬಾಳವ್ವನ ಅತ್ತೆ, ತವರಿನ ತೊಟ್ಟಿಲು ಬರಲಿಲ್ಲವೆಂದು ಸೊಸೆಯನ್ನು ವರ್ಷಗಟ್ಟಲೆ ಕುಟುಕಿದ್ದ ಆ ಮುದುಕಿಯೇ, ತಡೆಯಲಾರದೆ, “ಅಯ್ಯ, ಅಳಬ್ಯಾಡ್ರಿ ಗೌಡ್ರ. ತೊಟ್ಟಿಲ ಭಾಳ ಚಂದ ಐತಿ. ಮುಂದಿನ ಕೂಸಿಗೆ ಆಕ್ಕೈತಿ ತಗೋರಿ!” ಎಂದುಬಿಟ್ಟಳು. ಬಾಳವ್ವ ನಾಚಿ ಒಳಗೋಡಿದಳು, ಅಂಗಳವೆಲ್ಲ ನಕ್ಕಿತು.

ಆ ಸಂಜೆಯೇ ಬೆಣಚಿಕೊಪ್ಪದ ತಾಯಂದಿರು ಕರಡಿಹಾಳದಲ್ಲಿದ್ದ ತಮ್ಮ ಮಕ್ಕಳಿಗೆ ಬುತ್ತಿ ಕಟ್ಟಿದರು, ಅಣ್ಣತಮ್ಮಂದಿರು ಹೊತ್ತುಕೊಂಡು ಬಂದರು. ಹಿರಿಯರು ಎರಡೂ ಗುಡಿಗಳಲ್ಲಿ ದೇವರಿಗೆ ತಪ್ಪುಕಾಣಿಕೆ ಒಪ್ಪಿಸಿ ಆಣೆ ಬಿಡಿಸಿಕೊಂಡರು. ಒಪ್ಪಿಸದೆ ಏನು ಮಾಡಿಯಾರು, ಮನೆಯಲ್ಲಿ ಹೆಂಡಿರು ಮಾತು ಬಿಟ್ಟಿದ್ದರಲ್ಲ!

ಸಭೆಯೂ ಆಯಿತು. ಪಂಚಮಿಗೆ ಮೊದಲು ಬರುವ ರೊಟ್ಟಿ ಹಬ್ಬದ ದಿನ, ಮನೆಮನೆಯ ರೊಟ್ಟಿ ಮನೆಮನೆಗೆ ಹಂಚುವ ದಿನ, ಮಠದ ಅಂಗಳದಲ್ಲೇ ಎರಡೂ ಊರು ಸೇರಿದವು. ಕಾರ್ಡು ಅಚ್ಚಾಗಲಿಲ್ಲ, ವೇದಿಕೆ ಕಟ್ಟಲಿಲ್ಲ. ತವರಿಗೆ ಬಂದ ಹೆಣ್ಣುಮಕ್ಕಳು ಮುಂದೆ ಕೂತಿದ್ದರು. ಕೊಟ್ಟ ಮಾತಿನಂತೆ ಅಜ್ಜನವರು ಬಂದು ಅವರ ನಡುವೆ ಚಾಪೆಯ ಮೇಲೆ ಆಸೀನರಾದರು. ಸಮಿತಿಯವರು ರೂಢಿಯಂತೆ ಗೌಡರ ಕೈಗೆ ಮೈಕು ಕೊಟ್ಟರು. ಇನ್ನು ಒಂದು ತಾಸು ಬಿಡುವಿಲ್ಲ ಎಂದು ಮಂದಿ ಗೋಡೆಗೆ ಒರಗಿ ಅನುವಾದರು.

“ನಮ್ಮ ತಂಗಿ ಬಂದಾಳ್ರೀ,” ಎಂದರು ಗೌಡರು. ಅಷ್ಟೇ ಹೇಳಿ ಮೈಕನ್ನು ಕೆಳಗಿಟ್ಟರು.

ಎಲ್ಲರೂ ಆಶೀರ್ವಚನಕ್ಕಾಗಿ ಅಜ್ಜನವರ ಕಡೆ ನೋಡಿದರು. ಅಜ್ಜನವರ ಮುಖ ಬೆಳಗಿತ್ತು. “ಗೌಡ್ರು ಎಲ್ಲಾ ಹೇಳಿದ್ರು. ಎಲಿ ಹಾಕ್ರಿ,” ಎಂದರು.

ಎಲೆ ಹಾಕಿದರು. ಯಾವ ಊರಿನವರು ಎಲ್ಲಿ ಕೂತರೆಂದು ಯಾರೂ ನೋಡಲಿಲ್ಲ. ಗೌಡರು ಹೆಗಲ ಮೇಲಿನ ವಲ್ಲಿಯನ್ನು ನಡುವಿಗೆ ಬಿಗಿದು, ರೊಟ್ಟಿಯ ಬುಟ್ಟಿ ಹಿಡಿದು, ಬಾಗಿ ಬಾಗಿ ಬಡಿಸುತ್ತ ಬಂದರು. ಬಾಳವ್ವನ ಎಲೆಯ ಮುಂದೆ ಬಂದು ಒಂದು ರೊಟ್ಟಿ ಹಾಕಿ ನಿಂತರು.

ಬಾಳವ್ವ ತಲೆಯೆತ್ತಿ ನೋಡಿದಳು. “ಇನ್ನೊಂದ ಹಾಕೋ ಅಣ್ಣಾ,” ಎಂದಳು. “ನಿನ್ನ ಕೈಲೆ ಉಂಡು ಭಾಳ ದಿನ ಆತು.”