ಕಾಳಿಂಗರಸನ ಎರಡೊಡಲ ಗುಟ್ಟು

"ಕೇಳಿರಿ, ಹೊನ್ನಳಿವೆಯ ಸಮಸ್ತ ಜನರೇ ಕೇಳಿರಿ. ಪ್ರಭು ಕಾಳಿಂಗರಸರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಉಳಿಯುವುದಿಲ್ಲ."

ಡಂಗುರದವನು ಹೀಗೆ ಸಾರುತ್ತ ಹೊಳೆ ದಾಟುವ ಕಡವಿಗೆ ಬಂದಾಗ ದೋಣಿ ನಡೆಸುವ ದುಗ್ಗ ಅಲ್ಲೇ ಇದ್ದ. ಬೇಡಿದ್ದು ಸಿಗುತ್ತದೆ ಎಂಬ ಮಾತಷ್ಟೇ ಅವನ ಕಿವಿಗೆ ನಾಟಿತು. ಅವನು ಬೇಡಬೇಕಾದದ್ದು ಒಂದೇ, ಅಕ್ಕನ ಗಂಡ ಜಟ್ಟಪ್ಪನ ಜೀವ.

ಜಟ್ಟಪ್ಪ ದೋಣಿ ಕಟ್ಟುವವನು. ಕಡಲ ನಡುವಿನ ಕೋಟೆಯಲ್ಲಿ ಬೀಡುಬಿಟ್ಟ ಕಳ್ಳರ ಮೇಲೆ ದಂಡು ಸಾಗಿಸಲು ಅರಸ ಅವನಿಂದ ಹೊಸ ಬಗೆಯ ಹಡಗೊಂದನ್ನು ಕಟ್ಟಿಸಿದ್ದ. ಯಾರೂ ನೋಡಬಾರದೆಂದು ಅದರ ಸುತ್ತ ಎರಡಾಳು ಎತ್ತರದ ಗೋಡೆ ಎಬ್ಬಿಸಿದ್ದ. ಕೆಲಸ ಮುಗಿದ ದಿನವೇ, ಗುಟ್ಟು ಹೊರಗೆ ಹೋಗಿದೆ ಎಂಬ ಅನುಮಾನದ ಮೇಲೆ ಜಟ್ಟಪ್ಪನನ್ನು ಸೆರೆಗೆ ತಳ್ಳಿದ. ಬರುವ ಅಮಾವಾಸ್ಯೆಗೆ ಶೂಲ. ಹಗ್ಗ ಕಂಡು ಹಾವೆನ್ನುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ನಮ್ಮ ಅರಸ ಆ ಹಾವನ್ನು ಬಿಟ್ಟ ಹಾವಾಡಿಗ ಯಾರೆಂದೂ ಹುಡುಕುವವನು.

ಅರಮನೆಯ ಬಾಗಿಲಲ್ಲಿ ಕಾವಲಿನವರು ದುಗ್ಗನ ಮುಂಡಾಸು ಬಿಚ್ಚಿ ಕೊಡವಿದರು. ಹೆಸರನ್ನು ಮೂರು ಸಲ ಕೇಳಿದರು. ಮೂರು ಸಲವೂ ಒಂದೇ ಹೆಸರು ಹೇಳಿದನೆಂದು ಮುಖ ಮುಖ ನೋಡಿಕೊಂಡರು. ಒಳಗೆ ಪರದೆಗಳ ಕೆಳಗೆಲ್ಲ ಪಾದಗಳು ಕಾಣುತ್ತಿದ್ದವು.

ಅವನಿಗಿಂತ ಮೊದಲು ಇಬ್ಬರು ಬಂದಿದ್ದರು. ಅರಸ ಅವರ ಮುಂದೆ ಮೊದಲ ಒಗಟು ಇಟ್ಟ.

"ಅದಕ್ಕೆ ಎರಡು ಒಡಲು, ಒಂದೇ ಬೆನ್ನು. ಒಡಲೆರಡೂ ಜೊತೆಗೇ ಹೋಗುತ್ತವೆ, ಆದರೆ ಒಂದನ್ನೊಂದು ಮುಟ್ಟುವುದಿಲ್ಲ. ಮುಟ್ಟದೆ ದೂರವಿರುವುದರಿಂದಲೇ ಬಿರುಗಾಳಿಗೂ ಮಗುಚುವುದಿಲ್ಲ. ಏನದು?"

ಆಸ್ಥಾನದ ಪಂಡಿತ ಶಲ್ಯ ಸರಿಮಾಡಿಕೊಂಡು, ಅದು ಗಂಡ ಹೆಂಡಿರ ಜೋಡಿ, ಬೆನ್ನೆಂದರೆ ಸಂಸಾರ ಎಂದ. ಮುಟ್ಟದೇ ಇದ್ದರೆ ನಿನಗೆ ಏಳು ಮಕ್ಕಳು ಹೇಗಾದರು ಎಂದು ಅರಸ ಕೇಳಿದ. ಪಂಡಿತನನ್ನು ಸೆರೆಗೆ ಎಳೆದೊಯ್ದರು. ಮೆಣಸಿನ ವ್ಯಾಪಾರಿಯ ಮಗ ಅದು ತಕ್ಕಡಿ ಎಂದ. ಉತ್ತರ ಚೆನ್ನಾಗಿಯೇ ಇತ್ತು, ಆದರೆ ತಕ್ಕಡಿ ಸಣ್ಣ ಗಾಳಿಗೂ ತೂಗಾಡುತ್ತದೆ. ಅವನನ್ನೂ ಎಳೆದೊಯ್ದರು. ಅರಸನ ಮುಖದಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ನೆಮ್ಮದಿಯಿತ್ತು. ದುಗ್ಗನಿಗೆ ಅದು ವಿಚಿತ್ರವೆನಿಸಿತು.

"ಒಡೆಯರೇ, ಅದು ಜೋಡುದೋಣಿ," ಎಂದ ದುಗ್ಗ. "ಎರಡು ದೋಣಿ ಅಷ್ಟು ದೂರ ಇಟ್ಟು ಮೇಲೆ ಒಂದೇ ಅಟ್ಟ ಹಾಕಿದ್ದು. ಕಾಲು ಅಗಲಿಸಿ ನಿಂತವ ಬೀಳುದಿಲ್ಲ, ಹಾಗೆ."

ಅರಸನ ಕಣ್ಣು ಕಿರಿದಾಯಿತು.

"ಎರಡನೆಯದು ಕೇಳು. ಅದು ಕುದುರೆಗಳನ್ನೂ ಕಾಲಾಳುಗಳನ್ನೂ ಹೊತ್ತರೂ ಸೊಂಟದಷ್ಟು ನೀರಿನಲ್ಲೇ ಓಡುತ್ತದೆ. ಖಾಲಿ ಹಡಗುಗಳನ್ನೂ ಹಿಂದೆ ಹಾಕುತ್ತದೆ. ಯಾತರ ಬಲದಿಂದ?"

"ಸಪೂರ ಇರುವ ಬಲದಿಂದ. ಡೊಳ್ಳುಹೊಟ್ಟೆಯ ದೋಣಿ ನೀರನ್ನ ದೂಡ್ತದೆ, ಸಪೂರದ್ದು ಸೀಳ್ತದೆ. ಮರವೂ ಹಗುರದ್ದೇ ಬೇಕು. ಭಾರ ಎರಡಕ್ಕೂ ಹಂಚಿಹೋದರೆ ಹೆಚ್ಚು ಮುಳುಗುದಿಲ್ಲ, ಅಳಿವೆಯ ಮರಳದಿಬ್ಬ ತಾಗುದಿಲ್ಲ."

"ಮೂರನೆಯದು. ಅದು ಬಂದರಿಲ್ಲದ ದಡಕ್ಕೆ ಹೋಗಿ ನಾಲಗೆ ಚಾಚುತ್ತದೆ, ಮಾತಾಡುವುದಿಲ್ಲ. ನುಂಗಿದ್ದನ್ನೆಲ್ಲ ಜೀವಂತವಾಗಿ, ಕಾಲೂ ಒದ್ದೆಯಾಗದಂತೆ ಉಗುಳಿ ಹಿಂದಿರುಗುತ್ತದೆ. ಆ ನಾಲಗೆ ಯಾವುದು?"

"ಮುಂದೆ ಹಗ್ಗ ಕಟ್ಟಿ ಎತ್ತಿಟ್ಟ ಹಲಗೆ, ಒಡೆಯರೇ. ದಡ ಸಿಕ್ಕಿದಲ್ಲಿ ಇಳಿಬಿಟ್ಟರೆ ಅದೇ ದಾರಿ."

ಮೂರೂ ಸರಿಯಾಗಿದ್ದವು. ಆದರೆ ಯಾರೂ ಶಹಭಾಸ್ ಎನ್ನಲಿಲ್ಲ. ಪರದೆಗಳ ಹಿಂದಿನಿಂದ ಹನ್ನೆರಡು ಭರ್ಜಿಗಳು ಹೊರಬಂದವು. ಆಗ ದುಗ್ಗನಿಗೆ ತಿಳಿಯಿತು. ಈ ಒಗಟುಗಳು ಜಾಣನನ್ನು ಹುಡುಕಲು ಹೂಡಿದ್ದಲ್ಲ, ಹಡಗಿನ ಗುಟ್ಟು ಕದ್ದವನನ್ನು ಹಿಡಿಯಲು ಒಡ್ಡಿದ ಬಲೆ. ಉತ್ತರ ತಪ್ಪಿದವನು ದಡ್ಡ, ಸರಿ ಹೇಳಿದವನು ದ್ರೋಹಿ. ಎರಡಕ್ಕೂ ಶಿಕ್ಷೆ ಒಂದೇ.

"ಗೋಡೆಯೊಳಗಿನ ಆ ಹಡಗನ್ನು ಬಲ್ಲವರು ಇಬ್ಬರೇ, ನಾನು ಮತ್ತು ಜಟ್ಟಪ್ಪ," ಎಂದ ಅರಸ ಮೆಲ್ಲಗೆ. "ಕನಸಿನಲ್ಲಿ ದೇವಿ ಬಂದು ತೋರಿಸಿಕೊಟ್ಟಳು ಎಂದು ಅವನು ನನಗೆ ಆಣೆಯಿಟ್ಟು ಹೇಳಿದ್ದಾನೆ. ಅವನ ಕನಸು ನಿನ್ನ ಕಣ್ಣಿಗೆ ಹೇಗೆ ಬಿತ್ತು?"

ದುಗ್ಗ ತಲೆ ತಗ್ಗಿಸಿದ. ನಿಜ ಹೇಳಿದರೆ ಬಾವ ಸುಳ್ಳುಗಾರನಾಗುತ್ತಾನೆ, ಹೇಳದಿದ್ದರೆ ಇಬ್ಬರೂ ಸಾಯುತ್ತಾರೆ. ಅಕ್ಕನ ಮುಖ ನೆನಪಾಗಿ ಅವನಿಗೆ ಅಳುವೇ ಬಂತು.

"ಕನಸಲ್ಲ ಒಡೆಯರೇ," ಎಂದ. "ಕಡವಿಗೆ ಬನ್ನಿ, ತೋರಿಸ್ತೇನೆ."

ಅರಸ ಹುಟ್ಟಿದಂದಿನಿಂದ ಹೊಳೆ ದಾಟಿದ್ದು ಮೇಲಿನ ಕಡವಿನಲ್ಲಿ, ಮೇನೆ ಇಟ್ಟ ದೋಣಿಯಲ್ಲಿ. ಕೆಳಗಿನ ಕಡವಿಗೆ ಅರಮನೆಯ ನಾಯಿಯೂ ಹೋಗುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ದಾಟುವುದು ಎಮ್ಮೆಗಳು. ಅಂದು ಅರಸ ಭರ್ಜಿಯವರ ನಡುವೆ ಮೂಗು ಮುಚ್ಚಿಕೊಂಡು ಅಲ್ಲಿಗೆ ಹೋದ. ನೋಡುತ್ತಾನೆ, ಎರಡು ಸಪೂರ ದೋಣಿಗಳ ಮೇಲೆ ಒಂದೇ ಅಟ್ಟ. ಅಟ್ಟದ ತುಂಬ ಹದಿನೆಂಟು ಎಮ್ಮೆ. ತೆಳುನೀರಿನಲ್ಲಿ ಸರ್ರನೆ ಬಂದು ಹಲಗೆ ಇಳಿಸಿತು. ಎಮ್ಮೆಗಳು ಮೆಲುಕು ಹಾಕುತ್ತ ಅರಸನ ಪಕ್ಕದಲ್ಲೇ ಹಾದುಹೋದವು.

ಇದನ್ನು ಯಾರು ಯಾರು ಬಲ್ಲರು ಎಂದು ಅರಸ ಕೇಳಿದ.

"ಎಮ್ಮೆ ಇದ್ದವರಿಗೆಲ್ಲ ಗೊತ್ತುಂಟು," ಎಂದ ದುಗ್ಗ. "ನಮ್ಮಜ್ಜನ ಕಾಲದಿಂದ."

ಸೆರೆಯಿಂದ ಜಟ್ಟಪ್ಪನನ್ನು ಅಲ್ಲಿಗೇ ಕರೆತಂದರು. ಸೊರಗಿ ಕಡ್ಡಿಯಾಗಿದ್ದ. ದೇವಿಯ ಹೆಸರಿನಲ್ಲಿ ಯಾಕೆ ಸುಳ್ಳು ಹೇಳಿದೆ ಎಂದು ಅರಸ ಗದರಿದ.

"ಎಮ್ಮೆದೋಣಿ ನೋಡಿ ಕಟ್ಟಿದ್ದು ಅಂದಿದ್ದರೆ ತಾವು ಹತ್ತುತ್ತಿದ್ರಾ, ಒಡೆಯರೇ?"

ಹತ್ತುತ್ತಿರಲಿಲ್ಲ ಎಂಬುದು ಅರಸನಿಗೂ ಗೊತ್ತಿತ್ತು, ಭರ್ಜಿ ಹಿಡಿದವರಿಗೂ ಗೊತ್ತಿತ್ತು. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಅವನಿಗೆ ತನ್ನ ಮೇಲೆಯೇ ಅನುಮಾನ ಬಂತು. ಆ ಅನುಮಾನ ಮಾತ್ರ ನಿಜವಾಗಿತ್ತು.

ದುಗ್ಗ ಬಾವನನ್ನು ಬೇಡಿ ಪಡೆದ. ಪಂಡಿತನನ್ನೂ ವ್ಯಾಪಾರಿಯ ಮಗನನ್ನೂ ಅರಸ ತಾನಾಗಿಯೇ ಬಿಟ್ಟ. ಗೋಡೆ ಕೆಡವಿಸಿ, ಹಡಗಿನ ಚುಕ್ಕಾಣಿಯನ್ನು ದುಗ್ಗನ ಕೈಗೆ ಕೊಟ್ಟ. ದಂಡು ಹೊರಟ ದಿನ ಅರಸ ಎಲ್ಲರಿಗಿಂತ ಮೊದಲು ಹಲಗೆ ಹತ್ತಿದ. ದಡದಲ್ಲಿ ನೆರೆದ ಜನ, ಎಮ್ಮೆಗಳಿಗೆ ಹೇಳುವ ಹಾಗೆಯೇ, "ಹೋ, ಹೋ, ನಿಧಾನ," ಎಂದು ಕೂಗಿ ಕಳಿಸಿದರು. ಅರಸ ಆ ಕೂಗಿಗೆ ಹಿಂದೆ ತಿರುಗಿ ನೋಡಲಿಲ್ಲ, ನಿಧಾನವಾಗಿಯೇ ಹತ್ತಿದ.